ಒಂದು ಗೋಲಿನಿಂದ ಸೋತ ಎರಡು ಕ್ಲಬ್ಬುಗಳು

ಮೊದಲ ಪಿಯುಸಿಯ ಅಕೌಂಟೆನ್ಸಿ ಪುಸ್ತಕ ತೆಗೆದರೆ ಶುರುವಿನಲ್ಲೇ ಎಂಟಿಟಿ ಕಾನ್ಸೆಪ್ಟ್ ಬರುತ್ತದೆ. ಮಾಲೀಕ ಬೇರೆ, ಅವನ ವ್ಯವಹಾರ ಬೇರೆ. ನಮ್ಮ ಲೆಕ್ಚರರ್ ಇದಕ್ಕೆ ನಮ್ಮ ಕಡೆಯ ಉದಾಹರಣೆಯನ್ನೇ ಕೊಟ್ಟರು. ಕೊಬ್ಬರಿ ವ್ಯಾಪಾರಿ ತನ್ನ ಮಂಡಿಯಿಂದ ಮನೆಯ ಅಡುಗೆಗೆಂದು ಹತ್ತು ಗಿಟುಕು ತಂದರೂ ಅದನ್ನು ಡ್ರಾಯಿಂಗ್ಸ್ ಎಂದು ಬರೆಯಬೇಕು. ಮಂಡಿ ಅವನದೇ ಆಗಿದ್ದರೂ ಮಂಡಿಯ ಲೆಕ್ಕದ ಪುಸ್ತಕಕ್ಕೆ ಅವನು ಹೊರಗಿನವನು. ಮನೆಗೆ ಬಂದು ಇದನ್ನು ಹೇಳಿದಾಗ ಅಬ್ಬಾ ನಕ್ಕರು. "ನನ್ನ ಗಿಟುಕು ನಾನೇ ತಂದರೆ ಅದಕ್ಕೂ ಬರೆಯಬೇಕಾ?" ಎಂದರು. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ ಎಂದುಕೊಂಡು ನಾನೂ ಬಾಯಿಪಾಠ ಮಾಡಿ ಮುಂದಕ್ಕೆ ಹೋದೆ.

ಅದರ ಅರ್ಥ ತಿಳಿದದ್ದು ಕಳೆದ ವರ್ಷ, ಒಂದು ಫುಟ್ಬಾಲ್ ಟೂರ್ನಿಯಲ್ಲಿ.

ತುರುವೇಕೆರೆಯಲ್ಲಿ ಫುಟ್ಬಾಲ್ ಆಡುವವರು ಎಂದರೆ ನಾವು ಹದಿನಾಲ್ಕು ಜನ. ಉಳಿದವರೆಲ್ಲ ಕ್ರಿಕೆಟ್, ವಾಲಿಬಾಲ್, ಕಬಡ್ಡಿ. ನಮ್ಮಲ್ಲಿ ಆರು ಜನ ಈ ಕಾಲೇಜಿನವರು, ಇಬ್ಬರು ಗ್ಯಾರೇಜಿನಲ್ಲಿದ್ದಾರೆ, ಒಬ್ಬ ತೆಂಗಿನ ನಾರಿನ ಕಾರ್ಖಾನೆಗೆ ಹೋಗುತ್ತಾನೆ. ಬೇರೊಂದು ಊರಿನ ಟೂರ್ನಿಗೆ ಹೆಸರು ಕೊಟ್ಟಿದ್ದೆವು. 1,500 ರೂಪಾಯಿ ಪ್ರವೇಶ ಶುಲ್ಕವನ್ನು ಒಬ್ಬ ಗೆಳೆಯನ ಅಣ್ಣನ ಫೋನಿನಿಂದ ಕಳುಹಿಸಿದ್ದೆವು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಇಳಿದರೆ, ಮೇಜಿನ ಮುಂದೆ ಕೂತವರು ಕೇಳಿದ್ದು ಒಂದೇ ಪ್ರಶ್ನೆ: "ನೀವು ಯಾರು? ಕಾಲೇಜಾ, ಸಂಘಾನಾ?" ನಾವು ಎರಡೂ ಅಲ್ಲ. ಹಣ ಬಂದಿದೆ, ಆದರೆ ಅದು ತಂಡದ ಹೆಸರಿನಲ್ಲಿಲ್ಲ, ಆ ಅಣ್ಣನ ಹೆಸರಿನಲ್ಲಿದೆ. ನಮ್ಮ ಜಾಗವನ್ನು ಬೇರೆ ತಂಡಕ್ಕೆ ಕೊಟ್ಟಾಗಿತ್ತು. ಬೂಟು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದೆವು. ತಪ್ಪು ಅವರದೂ ಇತ್ತು, ನಮ್ಮದೂ ಇತ್ತು. ನಮ್ಮದು ಎಂದರೆ ನನ್ನದು, ಏಕೆಂದರೆ ತಂಡದ ಟ್ರೆಷರರ್ ನಾನೇ. ಕಾಮರ್ಸ್ ಓದುತ್ತೇನೆ ಎಂಬ ಕಾರಣಕ್ಕೆ ನನ್ನನ್ನು ಮಾಡಿದ್ದರು. ನನ್ನ ಬಳಿ ಒಂದು ಕ್ಯಾಶ್ ಬುಕ್ಕೂ ಇರಲಿಲ್ಲ.

ರಾತ್ರಿ ಮಾಮೂಗೆ ಫೋನ್ ಮಾಡಿ ಹೇಳಿಕೊಂಡೆ. ಮಾಮೂ ಬೆಂಗಳೂರಿನ ಶಿವಾಜಿನಗರದಲ್ಲಿ ಅಂಗಡಿ ಕೆಲಸದಲ್ಲಿದ್ದಾರೆ, ಬೆಂಗಳೂರು ಎಫ್‌ಸಿಯ ಹಳೆಯ ಅಭಿಮಾನಿ. ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು, "ಏಷ್ಯಾ ಮಟ್ಟದಲ್ಲೂ ಮೊದಲು ಇದನ್ನೇ ಕೇಳೋದು ಬೇಟಾ. ಆಟ ಆಮೇಲೆ" ಎಂದುಬಿಟ್ಟರು. ಅದು ನಿಜವಾ ಎಂದು ನೋಡಲು ಹೊರಟು ಓದಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಇದರಲ್ಲಿ ಪಾಕಿಸ್ತಾನದ ಕ್ಲಬ್ಬುಗಳ ಮಾತೂ ಬರುತ್ತದೆ. ಅದನ್ನು ಕೇಳಿ ಅಮ್ಮೀ, "ನಿನಗೆ ಯಾಕೆ ಬೇಕು ಅದು? ಬೇರೆ ದೇಶ ಸಿಗಲಿಲ್ವಾ?" ಎಂದರು. ಅವರ ಭಯ ನನಗೆ ಗೊತ್ತು. ನನ್ನಂಥ ಹೆಸರಿನ ಹುಡುಗ ಆ ದೇಶದ ಹೆಸರು ಎತ್ತಿದರೆ ಕೆಲವರು ಬೇರೆಯದೇ ಅರ್ಥ ಹುಡುಕುತ್ತಾರೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. 2023ರ ಜೂನ್ 21ರಂದು ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಪಾಕಿಸ್ತಾನವನ್ನು 4-0ಯಿಂದ ಸೋಲಿಸಿದಾಗ, ಸುನಿಲ್ ಛೆಟ್ರಿಯ ಮೂರನೆಯ ಗೋಲಿಗೆ ನಾನು ಕಿರುಚಿದ್ದು ಮೂರು ಮನೆಗೆ ಕೇಳಿಸಿತ್ತು. ಆದರೆ ಕ್ಲಬ್ಬುಗಳು ಏಷ್ಯಾಕ್ಕೆ ಹೇಗೆ ಹೋಗುತ್ತವೆ, ಯಾಕೆ ಹೋಗಲಾರದೆ ನಿಂತುಬಿಡುತ್ತವೆ ಎಂಬುದನ್ನು ತಿಳಿಯಲು ಅವರದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಗಲಿಲ್ಲ.

ಮೊದಲು ಏಷ್ಯಾದ ಕ್ಲಬ್ ಟೂರ್ನಿ ಎಂದರೇನು ಎಂದು ನೋಡೋಣ. ವಿಶ್ವಕಪ್, ಏಷ್ಯನ್ ಗೇಮ್ಸ್ ಎಲ್ಲ ದೇಶಗಳ ತಂಡಗಳಿಗೆ. ಕ್ಲಬ್ ಟೂರ್ನಿಯಲ್ಲಿ ಪ್ರತಿ ದೇಶದ ಲೀಗ್ ಗೆದ್ದ ಕ್ಲಬ್, ಕೆಲವು ದೇಶಗಳಿಂದ ಎರಡು ಮೂರು ಕ್ಲಬ್ಬುಗಳು ಬಂದು ಆಡುತ್ತವೆ. ನಡೆಸುವುದು ಏಷ್ಯನ್ ಫುಟ್ಬಾಲ್ ಕಾನ್ಫೆಡರೇಷನ್, ಅಂದರೆ ಎಎಫ್‌ಸಿ. 2005ರಿಂದ 2014ರವರೆಗೆ ಇದರಲ್ಲಿ ಮೂರು ಮೆಟ್ಟಿಲುಗಳಿದ್ದವು. ಜಪಾನ್, ಕೊರಿಯಾ, ಸೌದಿಯಂಥ ಬಲಿಷ್ಠ ಲೀಗ್‌ಗಳಿಗೆ ಚಾಂಪಿಯನ್ಸ್ ಲೀಗ್. ಅದರ ಕೆಳಗೆ ಭಾರತ, ಇರಾಕ್, ಮಾಲ್ದೀವ್ಸ್‌ನಂಥವರಿಗೆ ಎಎಫ್‌ಸಿ ಕಪ್. ಇನ್ನೂ ಬೆಳೆಯಬೇಕಾದ ದೇಶಗಳಾದ ನೇಪಾಳ, ಭೂತಾನ್, ಕಿರ್ಗಿಸ್ತಾನ್, ಪಾಕಿಸ್ತಾನದವರಿಗೆ ಪ್ರೆಸಿಡೆಂಟ್ಸ್ ಕಪ್. ಈಗ ಹೆಸರುಗಳೆಲ್ಲ ಬದಲಾಗಿವೆ, ಮೆಟ್ಟಿಲು ಮಾತ್ರ ಮೂರೇ.

ಏಷ್ಯಾದ ಕ್ಲಬ್ ಟೂರ್ನಿಗೆ ನಮ್ಮ ರಾಜ್ಯದ ತಂಡ ಹೋದದ್ದು 2015ರಲ್ಲಿ, ಬೆಂಗಳೂರು ಎಫ್‌ಸಿಯಿಂದ ಎಂದು ನಾನು ತಿಳಿದಿದ್ದೆ. ಅದು ತಪ್ಪು. 1969ರಲ್ಲೇ ಬ್ಯಾಂಕಾಕಿನಲ್ಲಿ ನಡೆದ ಏಷ್ಯನ್ ಚಾಂಪಿಯನ್ ಕ್ಲಬ್ ಟೂರ್ನಿಯಲ್ಲಿ ಭಾರತದ ಪರವಾಗಿ ಆಡಿದ್ದು ಮೈಸೂರು ರಾಜ್ಯ ತಂಡ. ಆಗ ಭಾರತದಲ್ಲಿ ರಾಷ್ಟ್ರೀಯ ಲೀಗ್ ಎಂಬುದೇ ಇರಲಿಲ್ಲ, ಅದು ಶುರುವಾದದ್ದು 1996ರಲ್ಲಿ. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯೇ ದೊಡ್ಡದು, ಅದನ್ನು ಆಗ ಗೆದ್ದಿದ್ದವರು ಮೈಸೂರಿನವರು. ಕ್ಲಬ್ ಟೂರ್ನಿಗೆ ಕ್ಲಬ್ ಕಳುಹಿಸಿ ಎಂದರೆ ನಾವು ಒಂದು ರಾಜ್ಯವನ್ನೇ ಕಳುಹಿಸಿದೆವು! ಅವರು ಸುಮ್ಮನೆ ಹೋಗಿ ಬರಲಿಲ್ಲ, ಸೆಮಿಫೈನಲ್ ತಲುಪಿ ನಾಲ್ಕನೆಯ ಸ್ಥಾನ ಪಡೆದರು. ಆಗ ಯಾರೂ "ನೀವು ಯಾರು, ಸಂಘಾನಾ?" ಎಂದು ಕೇಳಲಿಲ್ಲ. ಇವತ್ತು ಅದೇ ತಂಡ ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಸಂತೋಷ್ ಟ್ರೋಫಿ ಅದಾದ ಮೇಲೆ ನಮ್ಮ ರಾಜ್ಯಕ್ಕೆ ಮತ್ತೆ ಬಂದದ್ದು 54 ವರ್ಷಗಳ ನಂತರ, 2023ರ ಮಾರ್ಚ್‌ನಲ್ಲಿ, ಸೌದಿಯ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ.

ಅದಕ್ಕೂ ಹಿಂದಿನ ಒಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. 1937 ಮತ್ತು 1938ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ. ಅಲ್ಲಿಯವರೆಗೆ ಆ ಕಪ್ ಬ್ರಿಟಿಷ್ ಸೈನ್ಯದ ತಂಡಗಳ ಮನೆಯ ಸಾಮಾನಿನಂತಿತ್ತು. 1948ರಲ್ಲಿ ಲಂಡನ್ ಒಲಿಂಪಿಕ್ಸ್, 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್ ಆಡಿದ ಅಹ್ಮದ್ ಖಾನ್ ಬೆಂಗಳೂರಿನವರು. ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮಗೆ ಹತ್ತು ಗೋಲು ಹೊಡೆಯಿತು, ನಮ್ಮ ಒಂದೇ ಗೋಲು ಅವರದು. ಆ ಕಾಲದಲ್ಲಿ ಎಎಫ್‌ಸಿಯೇ ಇರಲಿಲ್ಲ, ಅದು ಹುಟ್ಟಿದ್ದು 1954ರಲ್ಲಿ. ಇದ್ದಿದ್ದರೆ ಬೆಂಗಳೂರು ಮುಸ್ಲಿಮ್ಸ್ ಏಷ್ಯಾದಲ್ಲಿ ಎಲ್ಲಿಯವರೆಗೆ ಹೋಗುತ್ತಿತ್ತೋ ಎಂದು ಯೋಚಿಸುತ್ತೇನೆ. ಪಾಕಿಸ್ತಾನದ ಬಲೂಚಿಸ್ತಾನದಲ್ಲಿ, ಅಫ್ಘಾನಿಸ್ತಾನದ ಗಡಿಯಲ್ಲಿರುವ ಚಮನ್ ಊರಿನಲ್ಲೂ ಮುಸ್ಲಿಂ ಎಫ್‌ಸಿ ಎಂಬ ಕ್ಲಬ್ ಇದೆ, ಅಲ್ಲಿನ ಪ್ರೀಮಿಯರ್ ಲೀಗ್ ಆಡಿದೆ.

ಆದರೆ ಪಾಕಿಸ್ತಾನದ ಲೀಗ್‌ನಲ್ಲಿ ಇಂಥ ಊರಿನ ಕ್ಲಬ್ಬುಗಳು ಕಪ್ ಗೆದ್ದದ್ದಿಲ್ಲ. ಗೆಲ್ಲುತ್ತಿದ್ದದ್ದು ಇಲಾಖೆಗಳು. ನೀರು ಮತ್ತು ವಿದ್ಯುತ್ ಇಲಾಖೆಯ ವಾಪ್ಡಾ, ಸೈನ್ಯ, ಕರಾಚಿಯ ವಿದ್ಯುತ್ ಕಂಪನಿ ಕೆ-ಎಲೆಕ್ಟ್ರಿಕ್, ಮತ್ತು ಖಾನ್ ರಿಸರ್ಚ್ ಲ್ಯಾಬೊರೇಟರೀಸ್. ಕೊನೆಯದು ಅವರ ಸರ್ಕಾರಿ ಪರಮಾಣು ಪ್ರಯೋಗಾಲಯ. ಆ ಹೆಸರು ಕೇಳಿದರೆ ಯಾರಿಗೂ ಫುಟ್ಬಾಲ್ ನೆನಪಾಗುವುದಿಲ್ಲ, ಆದರೂ ಕೆಆರ್‌ಎಲ್ ಎಂಬ ಚಿಕ್ಕ ಹೆಸರಿನಲ್ಲಿ ಆ ತಂಡ ಐದು ಸಲ ಲೀಗ್ ಗೆದ್ದಿದೆ. ಆಟಗಾರರು ಅಲ್ಲಿನ ನೌಕರರು. ತಿಂಗಳ ಸಂಬಳ, ಸಂಜೆಗೆ ಅಭ್ಯಾಸ.

ನಗಬೇಡಿ, ನಮ್ಮ ಬೆಂಗಳೂರಿನಲ್ಲೂ ಹೀಗೇ ಇತ್ತು. ಐಟಿಐ, ಎಚ್‌ಎಎಲ್ ತಂಡಗಳು ಎಂದರೆ ಆ ಕಾರ್ಖಾನೆಗಳ ತಂಡಗಳೇ. ಎಚ್‌ಎಎಲ್ ಎರಡು ವರ್ಷ ಐ-ಲೀಗ್ ಕೂಡ ಆಡಿ 2012ರಲ್ಲಿ ಕೆಳಗಿಳಿಯಿತು. ಕಾರ್ಖಾನೆ ತಂಡದಲ್ಲಿ ಒಂದು ದೊಡ್ಡ ಒಳ್ಳೆಯದಿದೆ. ಕಾಲು ಮುರಿದರೂ ಕೆಲಸ ಇರುತ್ತದೆ, ಮೂವತ್ತೈದು ದಾಟಿದ ಮೇಲೂ ಸಂಬಳ ಬರುತ್ತದೆ. ಬಡ ಮನೆಯ ಹುಡುಗನಿಗೆ ಇದಕ್ಕಿಂತ ಏನು ಬೇಕು? ನಾನಂತೂ ಆ ನೌಕರಿ ಕೊಟ್ಟರೆ ನಾಳೆಯೇ ಸೇರುತ್ತೇನೆ.

ಈಗ ಎಂಟಿಟಿ ಕಾನ್ಸೆಪ್ಟ್‌ಗೆ ಬನ್ನಿ. ಕಾರ್ಖಾನೆ ತಂಡದ ಖರ್ಚು ಎಷ್ಟು? ಗೊತ್ತಾಗುವುದಿಲ್ಲ. ಗೋಲ್‌ಕೀಪರ್‌ನ ಸಂಬಳ ಸ್ಟೋರ್ಸ್ ವಿಭಾಗದ ಲೆಕ್ಕದಲ್ಲಿರುತ್ತದೆ. ಮೈದಾನ ಟೌನ್‌ಶಿಪ್ಪಿನದು, ಬಸ್ಸು ಕಾರ್ಖಾನೆಯದು. ಹೊಸ ಅಧಿಕಾರಿ ಬಂದು ಆಟ ಬೇಡ ಎಂದರೆ ಒಂದು ಸುತ್ತೋಲೆಯಲ್ಲಿ ತಂಡ ಮುಗಿಯುತ್ತದೆ. ಮಾಲೀಕ ಬೇರೆ, ಕ್ಲಬ್ ಬೇರೆ ಆಗಿಲ್ಲ.

ಎಎಫ್‌ಸಿ ತಂದ ಕ್ಲಬ್ ಲೈಸೆನ್ಸಿಂಗ್ ನಿಯಮ ಹಿಡಿದದ್ದು ಸರಿಯಾಗಿ ಇಲ್ಲೇ. ಏಷ್ಯಾದ ಟೂರ್ನಿ ಆಡಬೇಕಾದರೆ ಕ್ಲಬ್ಬಿಗೆ ಲೈಸೆನ್ಸ್ ಇರಬೇಕು, ಅದಕ್ಕೆ ಐದು ಬಗೆಯ ಪರೀಕ್ಷೆ. ಕ್ರೀಡೆ, ಸೌಕರ್ಯ, ಸಿಬ್ಬಂದಿ, ಕಾನೂನು, ಹಣಕಾಸು. ಕ್ರೀಡೆ ಎಂದರೆ ಮುಖ್ಯ ತಂಡವೊಂದೇ ಸಾಲದು, ಚಿಕ್ಕ ಹುಡುಗರ ತಂಡಗಳೂ ಇರಬೇಕು. ಸೌಕರ್ಯ ಎಂದರೆ ಮೈದಾನ. ಸಿಬ್ಬಂದಿ ಎಂದರೆ ಅರ್ಹ ತರಬೇತುದಾರ, ವೈದ್ಯರು, ಹಣಕಾಸು ನೋಡಿಕೊಳ್ಳುವವರು. ಕಾನೂನಿನಲ್ಲಿ ಕ್ಲಬ್ ಯಾರದು ಎಂಬುದಕ್ಕೆ ಕಾಗದ ಬೇಕು. ಹಣಕಾಸಿನ ಭಾಗ ಓದುವಾಗ ನನಗೆ ನಮ್ಮ ಸಿಲಬಸ್ ಓದಿದಂತೆಯೇ ಆಯಿತು. ಆಡಿಟ್ ಆದ ಲೆಕ್ಕಪತ್ರ, ಮುಂದಿನ ವರ್ಷದ ಬಜೆಟ್, ಆಟಗಾರರಿಗೂ ಸಿಬ್ಬಂದಿಗೂ ಬೇರೆ ಕ್ಲಬ್ಬುಗಳಿಗೂ ಹಳೆಯ ಬಾಕಿ ಇಲ್ಲ ಎಂಬ ದಾಖಲೆ. ಆಟಗಾರನಿಗೆ ಆರು ತಿಂಗಳ ಸಂಬಳ ಕೊಡದೆ ಕಪ್ ಗೆದ್ದ ಕ್ಲಬ್ ಏಷ್ಯಾಕ್ಕೆ ಹೋಗುವ ಹಾಗಿಲ್ಲ. ಇದು ನನಗೆ ಬಹಳ ಇಷ್ಟವಾದ ನಿಯಮ.

ಈ ನಿಯಮ ಭಾರತದಲ್ಲಿ ಜೋರಾಗಿ ಬಿದ್ದದ್ದು 2013ರಲ್ಲಿ. ಐ-ಲೀಗ್‌ನಲ್ಲಿದ್ದ ಏರ್ ಇಂಡಿಯಾ ಮತ್ತು ಒಎನ್‌ಜಿಸಿ ಎರಡೂ ಕಂಪನಿ ತಂಡಗಳು, ಲೈಸೆನ್ಸಿನ ಷರತ್ತು ಪೂರೈಸದೆ ಎರಡೂ ಹೊರಬಿದ್ದವು. ಅದೇ ವರ್ಷ ಬಿಡ್ ಮೂಲಕ ಹೊಸದಾಗಿ ಒಳಬಂದದ್ದು ಜೆಎಸ್‌ಡಬ್ಲ್ಯೂ ಗುಂಪಿನ ಬೆಂಗಳೂರು ಎಫ್‌ಸಿ. ಜೆಎಸ್‌ಡಬ್ಲ್ಯೂ ಎಂದರೆ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇರುವವರು. ಉಕ್ಕಿನವರು ತಂಡ ಕಟ್ಟಿದರೂ ಉಕ್ಕು ಬೇರೆ, ಕ್ಲಬ್ ಬೇರೆ. ಕ್ಲಬ್ಬಿಗೆ ಊರಿನ ಹೆಸರು, ತನ್ನದೇ ಲೆಕ್ಕ. ಮೊದಲ ವರ್ಷವೇ ಐ-ಲೀಗ್ ಗೆದ್ದರು.

2015ರಲ್ಲಿ ಏಷ್ಯಾಕ್ಕೆ ಹೋದಾಗ ಮೊದಲ ಪೆಟ್ಟು ಬಿದ್ದದ್ದು ಮಲೇಷ್ಯಾದ ಜೋಹೋರ್ ದಾರುಲ್ ತಾಜಿಮ್‌ನಿಂದ. ಚಾಂಪಿಯನ್ಸ್ ಲೀಗ್ ಅರ್ಹತಾ ಪಂದ್ಯದಲ್ಲಿ ಹೆಚ್ಚುವರಿ ಸಮಯದವರೆಗೂ ಹೋರಾಡಿ 2-1ರಿಂದ ಸೋತು ಎಎಫ್‌ಸಿ ಕಪ್‌ಗೆ ಇಳಿದರು. ಅಲ್ಲಿ ಗುಂಪು ದಾಟಿದರೂ ಹಾಂಕಾಂಗಿನ ಸೌತ್ ಚೈನಾ ಮುಂದೆ ನಿಂತುಹೋದರು. ಆ ವರ್ಷದ ಎಎಫ್‌ಸಿ ಕಪ್ ಗೆದ್ದದ್ದು ಅದೇ ಜೋಹೋರ್. 2016ರಲ್ಲಿ ಜೋಹೋರ್ ಮತ್ತೆ ನಮ್ಮದೇ ಗುಂಪಿನಲ್ಲಿ! ಬೆಂಗಳೂರು ಎರಡನೆಯ ಸ್ಥಾನದಲ್ಲಿ ಗುಂಪು ದಾಟಿ, ಹಾಂಕಾಂಗಿಗೇ ಹೋಗಿ ಕಿಚ್ಚೀ ಕ್ಲಬ್ಬನ್ನು 3-2ರಿಂದ ಸೋಲಿಸಿತು. ನಡುವೆ ತರಬೇತುದಾರ ಆಶ್ಲೀ ವೆಸ್ಟ್‌ವುಡ್ ಹೋಗಿ ಸ್ಪೇನಿನ ಆಲ್ಬರ್ಟ್ ರೋಕಾ ಬಂದರು. ಕ್ವಾರ್ಟರ್ ಫೈನಲ್‌ನಲ್ಲಿ ಸಿಂಗಪುರದ ಟ್ಯಾಂಪೈನ್ಸ್ ರೋವರ್ಸ್, ಬೆಂಗಳೂರಿನಲ್ಲಿ 1-0, ಅಲ್ಲಿ 0-0. ಸೆಮಿಫೈನಲ್‌ಗೆ ಎದುರಾದವರು ಮತ್ತೆ ಅದೇ ಜೋಹೋರ್, ಹಿಂದಿನ ವರ್ಷದ ಚಾಂಪಿಯನ್ನರು.

ಮಲೇಷ್ಯಾದಲ್ಲಿ 1-1. ಎರಡನೆಯ ಪಂದ್ಯ ಅಕ್ಟೋಬರ್ 19, ಬುಧವಾರ, ಕಂಠೀರವದಲ್ಲಿ. ನನಗೆ ಆಗ ಎಂಟು ವರ್ಷ, ಏನೂ ನೆನಪಿಲ್ಲ. ಮಾಮೂ ಮಾತ್ರ ಈ ರಾತ್ರಿಯನ್ನು ಎಷ್ಟು ಸಲ ಹೇಳಿದ್ದಾರೆಂದರೆ ನಾನೇ ಅಲ್ಲಿದ್ದೆನೇನೋ ಎನಿಸುತ್ತದೆ. ಅಂಗಡಿಯಲ್ಲಿ ಹೊಟ್ಟೆನೋವು ಎಂದು ಹೇಳಿ ಶಿವಾಜಿನಗರದಿಂದ ನಡೆದೇ ಹೋದರಂತೆ. ಕೂರುವಷ್ಟರಲ್ಲಿ ಜೋಹೋರ್ ಮೊದಲ ಗೋಲು ಹಾಕಿಬಿಟ್ಟಿತು. "ಪಕ್ಕದಲ್ಲಿದ್ದವನು ಯಾರೋ ಗೊತ್ತಿಲ್ಲ, ಅವನ ಕೈ ನಾನು ಹಿಡ್ಕೊಂಡಿದ್ದೆ" ಎನ್ನುತ್ತಾರೆ. ವಿರಾಮಕ್ಕೆ ಮೊದಲು ಛೆಟ್ರಿ ಸಮ ಮಾಡಿದರು. ಎರಡನೆಯ ಅರ್ಧದಲ್ಲಿ ಛೆಟ್ರಿಯೇ ಇನ್ನೊಂದು, ಆಮೇಲೆ ಸ್ಪೇನಿನ ಡಿಫೆಂಡರ್ ಹುವಾನನ್ ಒಂದು. 3-1. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್. ಗೋವಾದ ಡೆಂಪೊ 2008ರಲ್ಲಿ, ಕೋಲ್ಕತ್ತದ ಈಸ್ಟ್ ಬೆಂಗಾಲ್ 2013ರಲ್ಲಿ ಸೆಮಿಫೈನಲ್‌ನಲ್ಲಿ ಸೋತಿದ್ದವು.

ಫೈನಲ್ ನವೆಂಬರ್ 5ರಂದು ದೋಹಾದಲ್ಲಿ. ಎದುರಾಳಿ ಇರಾಕಿನ ಅಲ್-ಕುವ್ವಾ ಅಲ್-ಜವಿಯಾ. ಭದ್ರತೆಯ ಕಾರಣ ಅವರು ತಮ್ಮ ದೇಶದಲ್ಲಿ ಆಡುವಂತಿರಲಿಲ್ಲ, ದೋಹಾವೇ ಅವರಿಗೆ ತವರಾಗಿತ್ತು. ಬೆಂಗಳೂರಿನ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಅಮಾನತಿನಿಂದ ಹೊರಗಿದ್ದರು, ಲಾಲ್ತುವಮ್ಮಾವಿಯಾ ರಾಲ್ಟೆ ನಿಂತರು. 70ನೆಯ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಹಾಕಿದ ಒಂದು ಗೋಲು. ಅಷ್ಟೇ. 0-1.

ಇಲ್ಲಿ ನನ್ನ ವಾದಕ್ಕೇ ಒಂದು ಪೆಟ್ಟು ಬೀಳುತ್ತದೆ. ಅಲ್-ಕುವ್ವಾ ಅಲ್-ಜವಿಯಾ ಎಂದರೆ ಅರಬ್ಬಿಯಲ್ಲಿ ವಾಯುಪಡೆ. ಅದೂ ಇಲಾಖೆಯ ತಂಡವೇ! 1931ರಲ್ಲಿ ಹುಟ್ಟಿದ್ದು, 2016ರಿಂದ ಸತತ ಮೂರು ವರ್ಷ ಎಎಫ್‌ಸಿ ಕಪ್ ಗೆದ್ದಿತು. ಹಾಗಾದರೆ ಇಲಾಖೆಯ ತಂಡ ಎಂಬುದೇ ದೋಷವಲ್ಲ. ಸಂಬಳ ಕೊಡುವವರು ಯಾರೇ ಇರಲಿ, ಪ್ರತಿವರ್ಷ ಲೀಗ್ ನಡೆಯಬೇಕು, ಕ್ಲಬ್ ಎಂಬುದು ಉಳಿಯಬೇಕು, ಮೇಲಿರುವ ದೇಶದ ಫೆಡರೇಷನ್ ನೆಟ್ಟಗಿರಬೇಕು. ಯುದ್ಧ ಕಂಡ ಇರಾಕಿನಲ್ಲೂ ಅದು ಆಗಿದೆ. ಪಾಕಿಸ್ತಾನದಲ್ಲಿ ಆಗದೆ ಹೋದದ್ದು ಇದೇ.

ಕೆಆರ್‌ಎಲ್ ಏಷ್ಯಾದಲ್ಲಿ ಎತ್ತರಕ್ಕೆ ಹೋದದ್ದು 2013ರಲ್ಲಿ. ಆ ವರ್ಷದ ಪ್ರೆಸಿಡೆಂಟ್ಸ್ ಕಪ್ ಫೈನಲ್ ಮಲೇಷ್ಯಾದ ಮಲಾಕದಲ್ಲಿ ನಡೆಯಿತು. ಎದುರಾಳಿ ತುರ್ಕ್‌ಮೆನಿಸ್ತಾನದ ಬಾಲ್ಕನ್. ಅಲ್ಲೂ 0-1. ಮೂರು ವರ್ಷದ ಅಂತರದಲ್ಲಿ ಗಡಿಯ ಈ ಕಡೆಯ ಒಂದು ಕ್ಲಬ್, ಆ ಕಡೆಯ ಒಂದು ಕ್ಲಬ್ ಏಷ್ಯಾದ ಎರಡು ಬೇರೆ ಬೇರೆ ಫೈನಲ್‌ಗಳಲ್ಲಿ ಒಂದೇ ಒಂದು ಗೋಲಿನಿಂದ ಸೋತಿವೆ. ಕೆಆರ್‌ಎಲ್‌ನಲ್ಲಿ ಆಡಿ ಬೆಳೆದ ಕಲೀಮುಲ್ಲಾ ಖಾನ್, ಅದೇ ಚಮನ್ ಊರಿನ ಹುಡುಗ, 2014ರಲ್ಲಿ ಕಿರ್ಗಿಸ್ತಾನಕ್ಕೆ ಹೋಗಿ ಅಲ್ಲಿನ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹಾಕಿದರು. ಆಟ ಬಾರದವರಲ್ಲ ಅವರು.

ಸೋತ ಮೇಲೆ ಏನಾಯಿತು ಎಂಬುದರಲ್ಲಿ ಎರಡು ಕ್ಲಬ್ಬುಗಳ ದಾರಿ ಬೇರೆಯಾಗುತ್ತದೆ. ಬೆಂಗಳೂರು ಮರುವರ್ಷವೇ ಮತ್ತೆ ಏಷ್ಯಾಕ್ಕೆ ಹೋಯಿತು. ಕಂಠೀರವದಲ್ಲಿ ಉತ್ತರ ಕೊರಿಯಾದ ಕ್ಲಬ್ಬನ್ನು 3-0ಯಿಂದ ಸೋಲಿಸಿ ಪ್ಯೊಂಗ್ಯಾಂಗಿಗೂ ಹೋಗಿ 0-0 ಆಡಿ ಬಂದಿತು. 2018, 2020, 2021ರಲ್ಲೂ ಹೋಯಿತು. ಕೆಆರ್‌ಎಲ್ ಆಡುತ್ತಿದ್ದ ಪ್ರೆಸಿಡೆಂಟ್ಸ್ ಕಪ್ ಮಾತ್ರ 2014ರ ನಂತರ ನಿಂತಿತು. ಮೇಲಿನ ಮೆಟ್ಟಿಲಿನ ಎಎಫ್‌ಸಿ ಕಪ್‌ಗೆ ಹತ್ತಬೇಕಾಗಿದ್ದ ಹೊತ್ತಿಗೇ ಅಲ್ಲಿನ ಫೆಡರೇಷನ್‌ನಲ್ಲಿ ಜಗಳ ಹತ್ತಿಕೊಂಡಿತು. 2015ರ ನಂತರ ಲೀಗ್ ನಡೆಯದೆ, 2018-19ರಲ್ಲಿ ಮತ್ತೆ ನಡೆದಾಗ ಗೆದ್ದದ್ದು ಅದೇ ಕೆಆರ್‌ಎಲ್. ಎರಡು ಗುಂಪು, ಕೋರ್ಟು, ಕಚೇರಿಗೆ ಬೀಗ. 2017ರ ಅಕ್ಟೋಬರ್‌ನಲ್ಲಿ ಫಿಫಾ ಪಾಕಿಸ್ತಾನವನ್ನು ಅಮಾನತು ಮಾಡಿತು, ಕಾರಣ ಫೆಡರೇಷನ್ನಿನ ಕಚೇರಿಯೂ ಖಾತೆಯೂ ಕೋರ್ಟ್ ನೇಮಿಸಿದ ಆಡಳಿತಾಧಿಕಾರಿಯ ಕೈಯಲ್ಲಿದ್ದದ್ದು. 2018ರ ಮಾರ್ಚ್‌ನಲ್ಲಿ ತೆರವಾಯಿತು. ಒಂದು ಗುಂಪು ಲಾಹೋರಿನ ಕಚೇರಿಗೇ ನುಗ್ಗಿ ಹಿಡಿದುಕೊಂಡದ್ದಕ್ಕೆ 2021ರ ಏಪ್ರಿಲ್‌ನಲ್ಲಿ ಮತ್ತೆ ಅಮಾನತು, ಈ ಸಲ ವರ್ಷಕ್ಕೂ ಹೆಚ್ಚು. 2025ರ ಫೆಬ್ರವರಿಯಲ್ಲಿ ಚುನಾವಣೆಯ ನಿಯಮ ತಿದ್ದಲಿಲ್ಲವೆಂದು ಮೂರನೆಯ ಸಲ, ಮಾರ್ಚ್‌ನಲ್ಲಿ ತೆರವು.

ಅಮಾನತು ಎಂದರೆ ಏನು? ಫಿಫಾ, ಅದರ ಕೆಳಗೆ ಎಎಫ್‌ಸಿ, ಅದರ ಕೆಳಗೆ ದೇಶದ ಫೆಡರೇಷನ್, ಅದರ ಕೆಳಗೆ ಕ್ಲಬ್. ಕ್ಲಬ್ ನೇರವಾಗಿ ಏಷ್ಯಾದ ಬಾಗಿಲು ತಟ್ಟುವಂತಿಲ್ಲ, ಫೆಡರೇಷನ್ನೇ ಹೆಸರು ಕಳುಹಿಸಬೇಕು. ಫೆಡರೇಷನ್ ಅಮಾನತಾದರೆ ಅದರ ಕೆಳಗಿನ ಎಲ್ಲ ಕ್ಲಬ್ಬುಗಳೂ ಆ ದಿನದಿಂದ ಯಾರೂ ಅಲ್ಲ. ಲಾಹೋರಿನ ಕಚೇರಿಗೆ ಯಾರೋ ಬೀಗ ಹಾಕಿದರೆ ಚಮನ್‌ನ ಹುಡುಗನ ಆಟ ನಿಲ್ಲುತ್ತದೆ.

ಇದು ಅವರಿಗೆ ಮಾತ್ರ ಎಂದುಕೊಳ್ಳುವ ಹಾಗಿಲ್ಲ. 2022ರ ಆಗಸ್ಟ್‌ನಲ್ಲಿ ಭಾರತದ ಫೆಡರೇಷನ್ನೂ ಅಮಾನತಾಯಿತು. ಆ ಹೊತ್ತಿಗೆ ಕೋಳಿಕ್ಕೋಡಿನ ಗೋಕುಲಂ ಕೇರಳ ಕ್ಲಬ್ಬಿನ ಮಹಿಳಾ ತಂಡ, ಭಾರತದ ಚಾಂಪಿಯನ್ನರು, ಏಷ್ಯಾದ ಮಹಿಳಾ ಕ್ಲಬ್ ಟೂರ್ನಿಗೆಂದು ಉಜ್ಬೇಕಿಸ್ತಾನದ ತಾಷ್ಕೆಂಟಿಗೆ ಹೋಗಿ ಇಳಿದಿತ್ತು. ಇಳಿದ ಮೇಲೆ ಗೊತ್ತಾಯಿತು ಆಡುವಂತಿಲ್ಲ ಎಂದು. ಪ್ರಧಾನಿಯವರಿಗೆ ಮನವಿ ಬರೆದರು. ಅಮಾನತು ಹತ್ತು ದಿನದಲ್ಲಿ ತೆರವಾಯಿತು, ಅಷ್ಟರಲ್ಲಿ ಅವರ ಟೂರ್ನಿ ಕೈತಪ್ಪಿತ್ತು. ಲೀಗ್ ಗೆದ್ದವರು, ಲೆಕ್ಕ ಸರಿ ಇದ್ದವರು, ಒಂದೇ ಒಂದು ತಪ್ಪು ಮಾಡದವರು ಬೂಟು ಚೀಲಕ್ಕೆ ಹಾಕಿಕೊಂಡು ವಾಪಸ್ ಬಂದರು. ಇದನ್ನು ಓದಿದಾಗ ನಮ್ಮ ಮಧ್ಯಾಹ್ನದ ಬಸ್ಸು ನೆನಪಾಯಿತು. ಹೋಲಿಕೆ ದೊಡ್ಡದಾಯಿತು, ಗೊತ್ತು. ನಮ್ಮದು ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಹೋದ ಕಥೆ, ಅದರಲ್ಲಿ ನಮ್ಮ ತಪ್ಪೂ ಇತ್ತು.

ಇನ್ನೊಂದು ಮಾತು. ಆ 2023ರ ಕಂಠೀರವ ಪಂದ್ಯ, ನಾನು ಕಿರುಚಿದ್ದು ಎಂದೆನಲ್ಲ, ಅದಕ್ಕೆ ಪಾಕಿಸ್ತಾನ ತಂಡ ಬೆಂಗಳೂರು ತಲುಪಿದ್ದು ಪಂದ್ಯದ ದಿನವೇ. ವೀಸಾ ತಡವಾಗಿತ್ತು. ಇದು ನನಗೆ ಗೊತ್ತಾದದ್ದು ಈ ಲೇಖನಕ್ಕೆ ಓದುವಾಗ. ಛೆಟ್ರಿಯ ಮೂರು ಗೋಲು ಅದರಿಂದ ಕಡಿಮೆಯಾಗುವುದಿಲ್ಲ, ಗೆದ್ದದ್ದು ಗೆದ್ದದ್ದೇ. ಆದರೆ ವಿಮಾನ ಇಳಿದ ದಿನವೇ ಆಡಿದ ಆ ಹುಡುಗರ ಕಾಲು ಹೇಗಿತ್ತೋ ಎಂಬುದೂ ಈಗ ಜೊತೆಗೆ ನೆನಪಾಗುತ್ತದೆ. ಅಮ್ಮೀಗೆ ಇಷ್ಟನ್ನು ಉರ್ದುವಿನಲ್ಲಿ ಓದಿ ಹೇಳಿದೆ. "ಸರಿ, ಬರಿ" ಎಂದರು.

ನಮ್ಮ ತಂಡದ ವಿಷಯ. 1,500 ರೂಪಾಯಿ ಎರಡು ವಾರದ ನಂತರ ವಾಪಸ್ ಬಂತು, ಗೆಳೆಯನ ಅಣ್ಣನ ಖಾತೆಗೇ. ಅವರಿಂದ ಅದನ್ನು ಈಸಿಕೊಳ್ಳಲು ಇನ್ನೂ ಮೂರು ವಾರ ಹಿಡಿಯಿತು. ಈಗ ಕ್ಯಾಶ್ ಬುಕ್ ಇಟ್ಟಿದ್ದೇನೆ. ವಾರಕ್ಕೆ ತಲೆಗೆ ಇಪ್ಪತ್ತು ರೂಪಾಯಿ, ಕೊಟ್ಟವರಿಗೆ ಚೀಟಿ. ಗ್ಯಾರೇಜಿನ ಇಬ್ಬರು ಎಲ್ಲರಿಗಿಂತ ಮೊದಲು ಕೊಡುತ್ತಾರೆ, ಕಾಲೇಜಿನವರದೇ ಬಾಕಿ. ಚೆಂಡಿಗೆ ಪಂಕ್ಚರ್ ಹಾಕಿಸಿದ ಮೂವತ್ತು ರೂಪಾಯಿಗೂ ವೋಚರ್ ಇದೆ. ಅಬ್ಬಾ ಒಂದು ದಿನ ಪುಸ್ತಕ ತಿರುವಿ ನೋಡಿ, ಏನೂ ಹೇಳದೆ, ಮಂಡಿಯಲ್ಲಿ ಉಳಿದಿದ್ದ ಒಂದು ಹೊಸ ಲೆಡ್ಜರ್ ತಂದುಕೊಟ್ಟರು. ಅದನ್ನು ದೇಣಿಗೆ ಎಂದು ಬರೆದುಕೊಂಡಿದ್ದೇನೆ. ಅವರ ಮಂಡಿಯ ಲೆಕ್ಕದಲ್ಲಿ ಅದನ್ನು ಡ್ರಾಯಿಂಗ್ಸ್ ಎಂದು ಬರೆದರೋ ಇಲ್ಲವೋ ಕೇಳಿಲ್ಲ.

ಕ್ಲಬ್ಬನ್ನು ನೋಂದಾಯಿಸಬೇಕು ಎಂದು ಹೊರಟಾಗ ತಿಳಿದದ್ದು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ ಏಳು ಜನ ಬೇಕು, ಎಲ್ಲರಿಗೂ ಹದಿನೆಂಟು ತುಂಬಿರಬೇಕು. ನಮ್ಮ ಹದಿನಾಲ್ಕು ಜನರಲ್ಲಿ ಹದಿನೆಂಟು ತುಂಬಿದವರು ನಾಲ್ವರು. ಟ್ರೆಷರರ್ ಆದ ನಾನೇ ಸಹಿ ಹಾಕುವಂತಿಲ್ಲ. ನಮ್ಮ ಅಕೌಂಟೆನ್ಸಿ ಲೆಕ್ಚರರ್ ತಮ್ಮ ಹೆಸರು ಕೊಡುತ್ತೇನೆ ಎಂದಿದ್ದಾರೆ. ಇನ್ನು ಇಬ್ಬರು ಬೇಕು. ಈ ಪತ್ರಿಕೆ ಓದುವ ಸಿಬ್ಬಂದಿಯಲ್ಲಿ ಯಾರಾದರೂ ಒಪ್ಪುವುದಾದರೆ, ಲೆಕ್ಕ ನೋಡಿಯೇ ಒಪ್ಪಲಿ. ಪುಸ್ತಕ ನನ್ನ ಚೀಲದಲ್ಲೇ ಇರುತ್ತದೆ. ನಿನ್ನೆಯ ಕೈಬಾಕಿ 2,260 ರೂಪಾಯಿ.